ಕುಂಕುಮದ ಭರಣಿಯೊಳಗಿನ ಮಾತ್ರೆ

ನಮ್ಮ ಮನೆಯಲ್ಲಿ ಧನುರ್ಮಾಸ ಶುರುವಾಗುತ್ತಿದ್ದುದು ಕ್ಯಾಲೆಂಡರಿನಿಂದ. ದೇವರ ಕೋಣೆಯ ಬಾಗಿಲ ಪಕ್ಕ ನೇತುಹಾಕಿದ ಕ್ಯಾಲೆಂಡರಿನಲ್ಲಿ ನಮ್ಮತ್ತೆ ಜಯಲಕ್ಷ್ಮಮ್ಮನವರು ಪೆನ್ಸಿಲಿನಿಂದ ಎರಡು ಬಗೆಯ ಗುರುತು ಹಾಕುತ್ತಿದ್ದರು. ಸಣ್ಣ ಸೊನ್ನೆ ಎಂದರೆ ನಾನು, ಅನಸೂಯ, ಹಿರಿಯ ಸೊಸೆ. ಸಣ್ಣ ಅಡ್ಡಗೆರೆ ಎಂದರೆ ಸುಗುಣಾ, ಕಿರಿಯ ಸೊಸೆ. ಯಾರ ಮುಟ್ಟು ಯಾವ ತಾರೀಕಿಗೆ ಎಂಬುದು ಮನೆಯ ಗಂಡಸರು ದಿನಾ ಕಣ್ಣು ಹಾಯಿಸುವ ಗೋಡೆಯ ಮೇಲೇ ಇರುತ್ತಿತ್ತು. ಅವರು ಅದೇ ಹಾಳೆಯಲ್ಲಿ ಏಕಾದಶಿ, ರಾಹುಕಾಲ ಹುಡುಕಿಕೊಂಡು ಹೋಗುತ್ತಿದ್ದರು. ಎಷ್ಟೋ ವರ್ಷ ನನಗೂ ಅದರಲ್ಲಿ ಅಸಹ್ಯವೇನೂ ಕಾಣಲಿಲ್ಲ.

ನಾವೇನು ಓದುಬರಹ ಇಲ್ಲದವರಲ್ಲ. ಮದರಾಸಿಗೆ ಬಂದು ನಾಲ್ಕು ತಲೆಮಾರಾದ ಕನ್ನಡ ವೈಷ್ಣವ ಮನೆತನ, ಪೆರಂಬೂರಿನಲ್ಲಿ ಸ್ವಂತ ಮನೆ. ಮಾವ ಪಂಢರಿನಾಥರಾಯರು ರೈಲ್ವೆಯಿಂದ ನಿವೃತ್ತರಾದವರು. ನನ್ನ ಗಂಡ ಗಿರಿಧರ್ ಬ್ಯಾಂಕಿನಲ್ಲಿ, ಮೈದುನ ಸುಜಯೀಂದ್ರ ರೈಲ್ವೆಯಲ್ಲಿ, ನಾನು ವಿಮಾ ಕಚೇರಿಯಲ್ಲಿ. ಸುಗುಣಾ ಬಿ.ಎಸ್‌ಸಿ. ಮಾಡಿದವಳು, ಅದೂ ಜೀವಶಾಸ್ತ್ರದಲ್ಲಿ! ಇಷ್ಟು ಜನ ಪದವೀಧರರು ಸೇರಿ ಮಾಡಿದ ಕೆಲಸ ಇದು ಎಂಬುದನ್ನು ಓದುವವರು ಮರೆಯಬಾರದು.

ಪೊನ್ನೇರಿ ದಾಟಿ ಒಳಗೆ ಹೋದರೆ ನಮ್ಮದೊಂದು ಒಂದೂವರೆ ಎಕರೆ ತೋಟ. ಅರ್ಧ ತುಳಸಿ, ಉಳಿದದ್ದು ಮಲ್ಲಿಗೆ, ಬದುವಿನ ಮೇಲೆ ತೆಂಗು, ಎರಡು ಹಸು, ಹೆಂಚಿನದೊಂದು ಚಿಕ್ಕ ಮನೆ. ಮಾವ ಮಗುವಾಗಿದ್ದಾಗ ಜ್ವರ ಬಂದು ಸಾಯುವ ಹಾಗಾಗಿದ್ದರಂತೆ. ಅವರ ತಂದೆ ಹರಕೆ ಹೊತ್ತರು: ಧನುರ್ಮಾಸ ಪೂರ್ತಿ ದೇವಸ್ಥಾನದ ಅರ್ಚನೆಗೆ ನಮ್ಮ ತೋಟದ ತುಳಸಿ, ಅದೂ ನಮ್ಮ ಮನೆಯ ಹೆಣ್ಣುಮಕ್ಕಳೇ ಮಡಿಯಲ್ಲಿ ಬಿಡಿಸಿದ್ದು. ಹರಕೆ ಹೊತ್ತವರು ಗಂಡಸು, ಬದುಕಿದವರು ಗಂಡಸು, ಬೆಳಗಿನ ಜಾವ ಇಬ್ಬನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕುಡಿ ಬಿಡಿಸುವವರು ಹೆಂಗಸರು. ತಿಂಗಳು ಪೂರ್ತಿ ನಾವು ತೋಟದ ಮನೆಯಲ್ಲೇ ಇರಬೇಕು. ತುಳಸಿ ಬಿಡಿಸಿ, ಬಾಳೆನಾರಿನಲ್ಲಿ ಮಾಲೆ ಕಟ್ಟಿ, ಐದೂವರೆಗೆ ಬರುವ ವ್ಯಾನಿಗೆ ಕುಕ್ಕೆ ಏರಿಸಿ, ಆಮೇಲೆ ಕೊಟ್ಟಿಗೆ ಬಾಚುವುದು, ಹಸುಗಳಿಗೆ ನೀರು, ಪಾತಿಗಳಿಗೆ ನೀರು, ಅಡುಗೆ.

ಹಿಂದಿನ ಕಾಲದಲ್ಲಿ ಮನೆ ತುಂಬ ಹೆಂಗಸರಿದ್ದರು. ಹೊರಗಾದವರು ಕೊಟ್ಟಿಗೆಯ ಪಕ್ಕದ ಗುಡಿಸಲಿನಲ್ಲಿ ದೂರ ಕೂರುತ್ತಿದ್ದರು, ಉಳಿದವರು ಬಿಡಿಸುತ್ತಿದ್ದರು. ಕ್ರಮೇಣ ಅತ್ತೆಯ ಓರಗಿತ್ತಿಯರು, ನಾದಿನಿಯರು ಎಲ್ಲ ತೀರಿಕೊಂಡು ಅತ್ತೆಯ ಮಂಡಿ ಹಿಡಿದ ಮೇಲೆ ಉಳಿದದ್ದು ನಾವಿಬ್ಬರೇ ಸೊಸೆಯರು. ಒಬ್ಬಳು ದೂರ ಕೂತರೆ ಕುಕ್ಕೆ ತುಂಬುವುದಿಲ್ಲ. ಆಗ ಯಾರೋ ಬಂಧುಗಳು ಅತ್ತೆಗೆ ಮಾತ್ರೆಯ ದಾರಿ ಹೇಳಿಕೊಟ್ಟರು. ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ. ಹನ್ನೊಂದು ವರ್ಷದ ಹಿಂದಿನ ಮಾತು.

ಮೊದಲ ವರ್ಷ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದವಳು ನಾನು. ಚೀಟಿ ಎಂದರೆ ಡಾಕ್ಟರದ್ದಲ್ಲ, ಅತ್ತೆಯ ಕೈಬರಹದ್ದು. ಅಂಗಡಿಯವನು ಒಂದು ಮಾತೂ ಕೇಳದೆ ಪಟ್ಟಿ ಪಟ್ಟಿಯಾಗಿ ಕೊಟ್ಟ. ಅದಾದ ಮೇಲೆ ಪ್ರತಿ ವರ್ಷ ನವೆಂಬರಿನಲ್ಲಿ, ಆಫೀಸಿನಿಂದ ಬರುವಾಗ, ಕಾಫಿಪುಡಿ ತಂದ ಹಾಗೆ ತರುತ್ತಿದ್ದೆ. ಅತ್ತೆ ಅದನ್ನು ಇಟ್ಟುಕೊಳ್ಳುತ್ತಿದ್ದುದು ಎಲ್ಲಿ ಗೊತ್ತೇ? ದೇವರ ಮುಂದಿನ ಕುಂಕುಮದ ಭರಣಿಯಲ್ಲಿ. ಬೆಳಿಗ್ಗೆ ತೀರ್ಥ ಕೊಟ್ಟು, ಅಂಗೈಯಲ್ಲಿ ಅದನ್ನೂ ಒಂದು ಇಟ್ಟು, ನಾವು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿಯೇ ಮುಂದೆ ಹೋಗುತ್ತಿದ್ದರು. ಮಧ್ಯಾಹ್ನ ಒಂದು, ರಾತ್ರಿ ಒಂದು. ಮನೆಯಲ್ಲಿ ಯಾರೂ ಅದನ್ನು ಮಾತ್ರೆ ಎನ್ನುತ್ತಿರಲಿಲ್ಲ. "ಮಡಿ ತಗೊಂಡ್ಯಾ?" ಎಂದು ಕೇಳುತ್ತಿದ್ದರು. ಥೂ, ಎಂಥ ಹೆಸರು.

ಅತ್ತೆಗೆ ಇದರಲ್ಲಿ ಹೆಮ್ಮೆಯೇ ಇತ್ತು. ಒಂದು ಸಲ ನನಗೆ ತಲೆಸುತ್ತು ಬಂದು, ಇದು ಬೇಡವೆನಿಸುತ್ತದೆ ಎಂದಾಗ ನಿಜವಾಗಿ ಆಶ್ಚರ್ಯಪಟ್ಟರು.

"ನಮ್ಮ ಕಾಲದ ಹಾಗೆ ನಿಮ್ಮನ್ನ ಗುಡಿಸಲಲ್ಲಿ ಕೂರಿಸಿ, ತೆಂಗಿನ ಚಿಪ್ಪಲ್ಲಿ ನೀರು ಕೊಟ್ನಾ ಅನಸೂಯಾ? ಸೈನ್ಸ್ ಮುಂದುವರೆದಿದೆ, ನಾವೂ ಮುಂದುವರೆದಿದೀವಿ. ಒಂದು ತಿಂಗಳು ದೇವರಿಗೋಸ್ಕರ ತಡ್ಕೊಳಕ್ಕೆ ಏನ್ ಕಷ್ಟ?"

ಅವರು ಅಂಗೈಗೆ ಇಟ್ಟದ್ದನ್ನು ಬಾಯಿಗೆ ಹಾಕಿಕೊಂಡೆ.

ಕಳೆದ ಧನುರ್ಮಾಸಕ್ಕೆ ಮುಂಚೆ ಕ್ಯಾಲೆಂಡರಿನಲ್ಲಿ ಹೊಸದೊಂದು ಗುರುತು ಕಂಡಿತು. ಒಂದು ಚುಕ್ಕೆ. ಸುಗುಣಾಳ ಮಗಳು ಚಿನ್ಮಯಿಗೆ ಹದಿನೈದು ತುಂಬಿತ್ತು, ಹತ್ತನೇ ಕ್ಲಾಸು. ನನಗೆ ಆ ವರ್ಷ ಎರಡು ವಾರ ಮಾತ್ರ ರಜೆ ಸಿಕ್ಕಿತ್ತು, ಅದನ್ನು ವೈಕುಂಠ ಏಕಾದಶಿಯ ಆಸುಪಾಸಿಗೆ ಇಟ್ಟುಕೊಂಡಿದ್ದೆ. ಮಿಕ್ಕ ದಿನ ನನ್ನ ಜಾಗಕ್ಕೆ ಹುಡುಗಿ ಇಳಿಯಲಿ ಎಂದು ಅತ್ತೆಯ ಲೆಕ್ಕಾಚಾರ. ಮಡಿಗೆ ಅಡ್ಡಿ ಬರದಿರಲು ಅವಳಿಗೂ ಭರಣಿಯಿಂದ.

ಸುಗುಣಾ ಆ ಚುಕ್ಕೆಯನ್ನು ನೋಡಿದಳು. ಅವಳು ದನಿ ಎತ್ತಿ ಮಾತಾಡಿದ್ದನ್ನು ಹದಿನೇಳು ವರ್ಷದಲ್ಲಿ ನಾನು ಕೇಳಿರಲಿಲ್ಲ, ಅವತ್ತೂ ಎತ್ತಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ಹೋಗಿ ನಿಂತು ಹೇಳಿದಳು.

"ಅವಳ ಪಾಲಿನ ಕುಕ್ಕೆನೂ ನಾನೇ ತುಂಬ್ತೀನಿ ಅತ್ತೆ. ಒಂದು ದಿನಾನೂ ತಪ್ಪಿಸಲ್ಲ. ವಾರ ಮುಂಚೆಯಿಂದಲೇ ತಗೋತೀನಿ. ಅವಳಿಗೆ ಮಾತ್ರ ಅದು ಬೇಡ."

ಅತ್ತೆ ಹೋಗಿ ಸೆರಗಿನ ತುದಿಯಿಂದ ಚುಕ್ಕೆ ಉಜ್ಜಿ ಅಳಿಸಿದರು. ಮಗಳ ಮೈಗೆ ಬದಲಾಗಿ ತಾಯಿಯ ಮೈ. ಆ ವ್ಯವಹಾರ ಮುಗಿದದ್ದು ಒಗ್ಗರಣೆ ಸೀಯುವಷ್ಟರೊಳಗೆ. ನಾನು ಪಕ್ಕದಲ್ಲೇ ತೆಂಗಿನಕಾಯಿ ತುರಿಯುತ್ತಿದ್ದೆ.

ನಾನು ರಜೆ ಹಾಕಿ ತೋಟಕ್ಕೆ ಹೋಗುವಷ್ಟರಲ್ಲಿ ಮಾಸದ ಹತ್ತು ದಿನ ಕಳೆದಿತ್ತು. ಅರ್ಧವಾರ್ಷಿಕ ರಜೆ ಬಂದು ಚಿನ್ಮಯಿಯೂ ಬಂದಿದ್ದಳು. ಹಸುಗಳಿಗೆ ಹುಲ್ಲು ಹಾಕುವುದು, ಕುಕ್ಕೆ ತೊಳೆಯುವುದು, ಪೈಪು ಹಿಡಿದು ಮಲ್ಲಿಗೆಗೆ ನೀರು ಬಿಡುವುದು ಅವಳ ಕೆಲಸ. ಹುಡುಗಿಗೆ ಅದೆಲ್ಲ ಇಷ್ಟ. ನಾವು ಕನ್ನಡದಲ್ಲಿ ಏನೇ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಟ್ಟುಕೊಂಡು, ಕರುವಿನ ಜೊತೆ ಇಂಗ್ಲಿಷ್ ಮಾತಾಡಿಕೊಂಡು ಓಡಾಡುತ್ತಿದ್ದಳು.

ಸುಗುಣಾ ಮಾತ್ರ ಊದಿಕೊಂಡಿದ್ದಳು. ದಿನಾ ಮೂರು ಗಂಟೆ ಕುಕ್ಕರಗಾಲಿನಲ್ಲಿ ಕೂತು ಇಬ್ಬರ ಕೆಲಸ ಮಾಡಿದ್ದಳು. ಹನ್ನೆರಡನೆಯ ದಿನ ಏಳಲು ಹೋದವಳು ಬದುವಿಗೆ ಕೈಕೊಟ್ಟು ನಿಂತಳು. ಎಡಗಾಲಿನ ಮೀನಖಂಡ ಬಿಗಿದು, ಕೆಂಪಾಗಿ, ಬಲಗಾಲಿನ ಒಂದೂವರೆಯಷ್ಟಾಗಿತ್ತು. ಮುಟ್ಟಿದರೆ ಬಿಸಿ. ಅತ್ತೆ ನರ ಹಿಡಿದಿದೆ ಎಂದರು. ಹರಳೆಣ್ಣೆ ಕಾಯಿಸಿ ನಾನೇ ತಿಕ್ಕಿದೆ. ಎರಡು ಸಲ, ಬಲ ಹಾಕಿ ತಿಕ್ಕಿದೆ.

ನಮ್ಮ ತೋಟದಲ್ಲಿ ವರ್ಷವೆಲ್ಲ ಕೆಲಸ ಮಾಡುವ ಕನ್ನಿಯಮ್ಮ ಎಂಬಾಕೆ ಇದ್ದಾಳೆ. ಅವತ್ತು ಎಣ್ಣೆ ಬಟ್ಟಲು ಹಿಡಿದು ಕೂತಿದ್ದ ನನ್ನನ್ನೂ ಆ ಕಾಲನ್ನೂ ನೋಡಿ, ಕಳೆ ಕೀಳುವುದನ್ನು ಬಿಟ್ಟು ಬಂದಳು. ಇದು ಉಜ್ಜುವ ಕಾಲಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ತಮಿಳಿನಲ್ಲಿ ಗದರಿದಳು. ಆ ಕ್ಷಣಕ್ಕೆ ನನಗೆ ಒಂದು ವಿಷಯ ಹೊಳೆಯಿತು. ಇದೇ ತುಳಸಿಯ ಸಸಿ ನೆಡುವವಳು ಇವಳು, ಗೊಬ್ಬರ ಹಾಕುವವಳು ಇವಳು, ಧನುರ್ಮಾಸದಲ್ಲೂ ಬಿಸಿಲೇರಿದ ಮೇಲೆ ಪಾತಿಗೆ ಇಳಿಯುವವಳು ಇವಳು. ನಿನ್ನ ಆ ದಿನಗಳಲ್ಲಿ ಏನು ಮಾಡ್ತೀಯ ಎಂದು ಕೇಳಿದೆ. ಅವಳು ನನ್ನನ್ನು ಮರುಳು ಹಿಡಿದವಳನ್ನು ನೋಡುವ ಹಾಗೆ ನೋಡಿದಳು.

"ಎನ್ನ ಯಾರುಮ್ಮಾ ಕೇಟ್ಟಾಂಗ?" ಎಂದಳು. ನನ್ನನ್ನು ಯಾರಮ್ಮ ಕೇಳಿದ್ದಾರೆ, ಎಂದು.

ಯಾರೂ ಕೇಳಿರಲಿಲ್ಲ. ಎಪ್ಪತ್ತು ವರ್ಷದಿಂದ ಅವಳು, ಅವಳ ತಾಯಿ, ಅವಳ ಅಜ್ಜಿ ಎಲ್ಲ ದಿನಗಳಲ್ಲೂ ಮುಟ್ಟಿದ ತುಳಸಿಯೇ ದೇವರಿಗೆ ಏರಿತ್ತು. ಕೂಲಿಯವಳ ಮೈಲಿಗೆ ಕೇಳಿದರೆ ತೋಟ ನಡೆಯುವುದಿಲ್ಲ ಎಂದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಮನೆಯ ಸೊಸೆಯಾದರೆ ಪರವಾಯಿಲ್ಲ, ಮಾತ್ರೆ ಕೊಟ್ಟರಾಯಿತು.

ಮಧ್ಯಾಹ್ನ ನಾನೂ ಚಿನ್ಮಯಿಯೂ ಸುಗುಣಾಳನ್ನು ಷೇರ್ ಆಟೋದಲ್ಲಿ ಪೊನ್ನೇರಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಾಲು ನೋಡಿದವಳೇ ಗಂಭೀರಳಾಗಿ, ಇದನ್ನು ತಿಕ್ಕಬೇಡಿ ಎಂದಳು. ಎಷ್ಟು ದಿನವಾಯಿತು, ಬಿದ್ದಿರಾ, ಎಂದೆಲ್ಲ ಕೇಳಿ ಕೊನೆಗೆ ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ ಎಂದು ತಮಿಳಿನಲ್ಲಿ ಕೇಳಿದಳು.

"ಇಲ್ಲೆಂಗ," ಎಂದಳು ಸುಗುಣಾ.

ನಾನೂ ತಲೆ ಆಡಿಸಿದೆ. ಇಲ್ಲ ಎಂದು.

ಸುಳ್ಳು ಹೇಳಬೇಕೆಂದು ನಾವು ಹೇಳಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ, ಆದರೂ ಹೇಳುತ್ತೇನೆ. ನಮ್ಮಿಬ್ಬರ ತಲೆಗೂ ಅದು ಮಾತ್ರೆ ಎಂದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಮಾತ್ರೆ ಎಂದರೆ ಜ್ವರಕ್ಕೆ, ಬಿ.ಪಿ.ಗೆ. ಇದು ಕುಂಕುಮದ ಭರಣಿಯಲ್ಲಿರುವುದು, ತೀರ್ಥದ ಜೊತೆ ಬರುವುದು. ಜೀವಶಾಸ್ತ್ರ ಓದಿದವಳೂ ವಿಮಾ ಕಚೇರಿಯಲ್ಲಿ ಜನರ ಕಾಯಿಲೆಯ ಪಟ್ಟಿ ಪರಿಶೀಲಿಸುವವಳೂ ಒಂದೇ ಬೆಂಚಿನ ಮೇಲೆ ಕೂತು ಇಲ್ಲ ಎಂದೆವು. ಆಟೋ ಹತ್ತುವಾಗ ನನಗೆ ಚುರುಕ್ಕೆಂದಿತು. ಸುಗುಣಾ, ಅದನ್ನ ಹೇಳಬೇಕಿತ್ತಲ್ವೇನೇ ಎಂದೆ. ಅವಳು ಸುಸ್ತಾಗಿ ನಕ್ಕಳು. ಅದು ಮಾತ್ರೆ ಅಲ್ವಲ್ಲ ಅಕ್ಕಾ, ಎಂದಳು. ಚಿನ್ಮಯಿ ನಮ್ಮಿಬ್ಬರ ಮುಖ ನೋಡಿದಳು. ನಾನು ಆಟೋ ನಿಲ್ಲಿಸಿ ಹಿಂದಕ್ಕೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ.

ಡಾಕ್ಟರಮ್ಮ ಮಾರನೆಯ ದಿನವೇ ಚೆನ್ನೈಗೆ ಹೋಗಿ ಕಾಲಿನ ಸ್ಕ್ಯಾನ್ ಮಾಡಿಸಿ ಎಂದು ಬರೆದುಕೊಟ್ಟಿದ್ದಳು. ವೈಕುಂಠ ಏಕಾದಶಿಗೆ ಮೂರು ದಿನವಿತ್ತು. ಏಕಾದಶಿ ಮುಗಿಸಿಕೊಂಡು ಹೋದರಾಯಿತು ಎಂದರು ಅತ್ತೆ. ನೂರು ಕುಕ್ಕೆ ತುಳಸಿ ಕೊಟ್ಟರೂ ಸಾಲದ ದಿನ, ಅವತ್ತೇ ಕೈ ಬಿಟ್ಟರೆ ಹೇಗೆ ಎಂದರು ಮಾವ. ಸುಜಯೀಂದ್ರ ಪೆರಂಬೂರಿನಿಂದ ಫೋನಿನಲ್ಲಿ, ನೀನೇ ಹೇಗೆ ಅನ್ಸತ್ತೋ ಹಾಗೆ ಮಾಡು ಎಂದು ಹೆಂಡತಿಗೆ ಹೇಳಿ ತನ್ನ ಜವಾಬ್ದಾರಿ ಕಳೆದುಕೊಂಡ. ನಾನು ಬಾ ಹೋಗೋಣ ಎಂದು ಕೈ ಹಿಡಿದೆಳೆದೆ. ಸುಗುಣಾ ಕೈ ಬಿಡಿಸಿಕೊಂಡು, ನಾನು ತಪ್ಪಿಸಿದ್ರೆ ಭರಣಿ ಚಿನ್ಮಯಿ ಹತ್ರ ಹೋಗತ್ತೆ ಅಕ್ಕಾ, ಎಂದಳು.

ಏಕಾದಶಿಯ ದಿನ ಮೂರಕ್ಕೇ ಎದ್ದು ಇಳಿದೆವು. ಐದು ದಾಟಿತ್ತು. ನನ್ನಿಂದ ಎರಡು ಸಾಲು ಆಚೆ ಸುಗುಣಾ ಕೆಮ್ಮಿದಳು. ಉಸಿರು ಸಿಗ್ತಿಲ್ಲ ಅಕ್ಕಾ ಎಂದಳು. ನಾನು ಹೋಗುವಷ್ಟರಲ್ಲಿ ಪಾತಿಯೊಳಗೆ ಪಕ್ಕಕ್ಕೆ ವಾಲಿದ್ದಳು, ಬಾಯಿ ತೆರೆದುಕೊಂಡು ಗಾಳಿಗೆ ಒದ್ದಾಡುತ್ತಿದ್ದಳು, ತುಟಿ ನೀಲಿಯಾಗಿತ್ತು. ಚಿನ್ಮಯಿ ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಾವ ಆಂಬುಲೆನ್ಸಿಗೆ ಫೋನ್ ಮಾಡಿದರು, ಅರ್ಧ ಗಂಟೆಯಾಗುತ್ತದೆ ಎಂದರಂತೆ.

ಗೇಟಿನ ಹತ್ತಿರ ತುಳಸಿಯ ವ್ಯಾನು ನಿಂತಿತ್ತು. ಎಂಜಿನ್ನು ಓಡುತ್ತಲೇ ಇತ್ತು. ಡ್ರೈವರ್ ರೂಪೇಶ್ ಜಿಗಿದು ಬಂದು, ಹಿಂದೆ ಮಲಗಿಸಿ ಅಮ್ಮಾ, ಹದಿನೈದು ನಿಮಿಷದಲ್ಲಿ ಆಸ್ಪತ್ರೆ ಸೇರಿಸ್ತೀನಿ ಎಂದ. ಹಿಂದೆ ಒಂಬತ್ತು ಕುಕ್ಕೆ ಏರಿಸಿಯಾಗಿತ್ತು.

ಅತ್ತೆ ಅಡ್ಡ ಬಂದು ನಿಂತರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. ಆದರೆ ಬಾಯಲ್ಲಿ ಬಂದ ಮಾತು ಇದು: "ಅದು ಅರ್ಚನೆಗೆ ಹೋಗೋ ವ್ಯಾನು. ಅವಳು ಮೈಮೇಲೆ ಏನು ಮಾಡ್ಕೊಂಡಿದಾಳೋ ಏನೋ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸೂತಕ. ಮೊದಲು ತುಳಸಿ ಕಳಿಸಿಬಿಡಿ. ಆಂಬುಲೆನ್ಸ್ ಬರತ್ತಲ್ಲ."

ಮಾವ ಕೈ ಬೀಸಿದರು. ರೂಪೇಶ್ ಎರಡು ಸಲ ಹಿಂತಿರುಗಿ ನೋಡಿ ಹೊರಟುಹೋದ. ನಾನು ವ್ಯಾನಿನ ಮುಂದೆ ಮಲಗಬಹುದಿತ್ತು. ಕೂಗಿದೆ, ಅತ್ತೆ, ಅತ್ತೆ ಎಂದು ಗೋಗರೆದೆ, ಅಷ್ಟೇ. ಆಂಬುಲೆನ್ಸು ಹೇಳಿದ ಹೊತ್ತಿಗೇ ಬಂತು. ಆಸ್ಪತ್ರೆಯ ಬಾಗಿಲಲ್ಲೇ ಪ್ರಾಣ ಹೋಗಿದೆ ಎಂದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬೇಕು, ಯಾವುದಾದರೂ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದರಾ ಎಂದು ಡಾಕ್ಟರು ಪೆರಂಬೂರಿನಿಂದ ಓಡಿಬಂದ ಸುಜಯೀಂದ್ರನನ್ನು ಕೇಳಿದರು. ಅವನು ತಾಯಿಯ ಮುಖ ನೋಡಿ, ಇಲ್ಲ ಎಂದ. ಪಕ್ಕದಲ್ಲೇ ನಿಂತಿದ್ದ ನಾನೂ ಹೌದು ಎನ್ನಲಿಲ್ಲ.

ಪೆರಂಬೂರಿನ ಮನೆಗೆ ಬಂದ ನೆಂಟರು ಏನೆಂದರು ಗೊತ್ತೇ? ವೈಕುಂಠ ಏಕಾದಶಿಯಂದು, ತುಳಸಿ ಪಾತಿಯಲ್ಲಿ, ಮುತ್ತೈದೆಯಾಗಿ! ಎಂಥ ಪುಣ್ಯ ಮಾಡಿದ್ದಳು, ಸ್ವರ್ಗದ ಬಾಗಿಲು ತೆರೆದಿರುವಾಗ ಹೋದಳು, ಎಂದರು. ಒಬ್ಬರಾದ ಮೇಲೆ ಒಬ್ಬರು, ಕಾಫಿ ಕುಡಿಯುತ್ತ. ನಲವತ್ತೊಂದು ವರ್ಷದ ಹೆಂಗಸು ಗಾಳಿಗೆ ಬಾಯಿಬಿಟ್ಟುಕೊಂಡು ಸತ್ತದ್ದು ಇವರಿಗೆ ಪುಣ್ಯವಾಗಿ ಕಂಡಿತು. ನನಗೆ ಅವರ ಲೋಟಗಳನ್ನು ಕಿತ್ತು ಚೆಲ್ಲಬೇಕೆನಿಸಿತು.

ಏಳನೆಯ ದಿನ ಚಿನ್ಮಯಿ ಮಹಡಿಗೆ ಬಂದು ನನ್ನ ಪಕ್ಕ ಕೂತಳು. ಆಟೋದಲ್ಲಿ ಹೇಳಿದ ಆ ಮಾತ್ರೆ ಯಾವುದು ದೊಡ್ಡಮ್ಮ ಎಂದು ತಮಿಳಿನಲ್ಲಿ ಕೇಳಿದಳು. ಆಗ ಹೇಳಿದೆ. ಹೆಸರು, ಹನ್ನೊಂದು ವರ್ಷ, ಅಳಿಸಿದ ಚುಕ್ಕೆ, ಒಪ್ಪಂದ, ಎಲ್ಲ. ಅವಳು ಅಳಲಿಲ್ಲ. ಫೋನಿನಲ್ಲಿ ಹೆಸರು ಹಾಕಿ ತುಂಬ ಹೊತ್ತು ಓದಿದಳು.

ಹನ್ನೆರಡನೆಯ ದಿನ ಸಂಜೆ, ಮಾರನೆಯ ದಿನದ ಸಮಾರಾಧನೆಗೆ ಸಿದ್ಧತೆ ನಡೆದಿತ್ತು. ದೇವರ ಕೋಣೆಯ ಪಕ್ಕ ಹೊಸ ವರ್ಷದ ಕ್ಯಾಲೆಂಡರು ಬಂದಿತ್ತು. ಅದರಲ್ಲಿ ಅತ್ತೆಯ ಪೆನ್ಸಿಲ್ ಗುರುತು ಆಗಲೇ ಬಿದ್ದಿತ್ತು. ಒಂದು ಸೊನ್ನೆ, ಒಂದು ಚುಕ್ಕೆ. ಅಡ್ಡಗೆರೆ ಇರಲಿಲ್ಲ. ಹೆಣದ ಮೇಲಿನ ಮಣ್ಣು ಆರಿಲ್ಲ ಎನ್ನಲು ನಮ್ಮಲ್ಲಿ ಸುಡುತ್ತಾರೆ, ಬೂದಿ ಆರುವ ಮೊದಲೇ ಎನ್ನಬೇಕು. ನಾನು ಆ ಹಾಳೆಯ ಮುಂದೆ ನಿಂತೇ ಇದ್ದೆ, ಒಳಗಿನಿಂದ ಭರಣಿಯ ಮುಚ್ಚಳದ ಸದ್ದು ಕೇಳಿಸಿತು.

ಅತ್ತೆ ಚಿನ್ಮಯಿಯ ಅಂಗೈಗೆ ಮಾತ್ರೆ ಇಟ್ಟಿದ್ದರು. ನಾಳೆ ನಿಮ್ಮಮ್ಮನ ಕಾರ್ಯ, ಮಗಳು ನೀನು ದೂರ ಕೂತರೆ ಅವಳ ಆತ್ಮಕ್ಕೆ ಸಮಾಧಾನ ಇರಲ್ಲ, ಇದನ್ನ ಹಾಕ್ಕೋ ಎಂದು ಬೆನ್ನು ಸವರುತ್ತಿದ್ದರು. ಹುಡುಗಿ ಅಂಗೈ ಮುಚ್ಚಲಿಲ್ಲ.

"ಇದೇನು ಪಾಟಿ?" ಎಂದಳು. ಅಜ್ಜಿಯನ್ನು ಅವಳು ಪಾಟಿ ಎಂದೇ ಕರೆಯುವುದು. ಆದರೆ ಪ್ರಶ್ನೆ ಕನ್ನಡದಲ್ಲಿತ್ತು.

"ಮಾತ್ರೆ ಅಲ್ಲ ಕಣೇ, ಹೆದರ್ಕೋಬೇಡ. ಮಡಿಗೆ ಅಷ್ಟೆ."

"ಅಮ್ಮನೂ ಡಾಕ್ಟರ್ ಹತ್ರ ಹೋದಾಗ ಹಾಗೇ ಹೇಳಿದ್ಳು."

ಅತ್ತೆಯ ಕೈ ಅವಳ ಬೆನ್ನಿನಿಂದ ಕೆಳಗೆ ಬಿತ್ತು. ಚಿನ್ಮಯಿ ಹಜಾರಕ್ಕೆ ನಡೆದಳು. ಅಲ್ಲಿ ಮಾವ, ನನ್ನ ಗಂಡ, ಸುಜಯೀಂದ್ರ, ಪುರೋಹಿತರು ಮೋಹನಾಚಾರ್ಯರು ಸಾಮಾನಿನ ಪಟ್ಟಿ ನೋಡುತ್ತ ಕೂತಿದ್ದರು. ಪಟ್ಟಿಯ ಮೇಲೆ ಆ ಮಾತ್ರೆ ಇಟ್ಟಳು.

"ತಾತ, ಇದು ಏನಕ್ಕೆ ಅಂತ ನೀವು ಹೇಳಿ. ಅಪ್ಪ, ನೀನು ಹೇಳು."

ಹನ್ನೊಂದು ವರ್ಷ ಕ್ಯಾಲೆಂಡರ್ ನೋಡಿದ ಗಂಡಸರಿಗೆ ಆ ಒಂದು ಪದ ಉಚ್ಚರಿಸಲು ನಾಲಿಗೆ ಬರಲಿಲ್ಲ.

"ಹಾಗಾದ್ರೆ ನಾನು ಹೇಳ್ತೀನಿ. ನಾನು ಇವತ್ತು ಬೆಳಿಗ್ಗೆನೇ ಹೊರಗಾದೆ. ಈ ಮಾತ್ರೆ ತಗೊಳಲ್ಲ. ನಾಳೆ ಅಮ್ಮನ ಎಲೆಗೆ ನಾನೇ ಬಡಿಸ್ತೀನಿ. ಬೇಡ ಅನ್ನೋರು ಊಟಕ್ಕೆ ಕೂರಬೇಡಿ."

ಆಚಾರ್ಯರು ಪಟ್ಟಿ ಮಡಚಿ ಎದ್ದರು. ಶಾಸ್ತ್ರದಲ್ಲಿ ಇದಕ್ಕೆ ಅವಕಾಶವಿಲ್ಲ ಎಂದರು. ಮಾವ ಹುಡುಗಿಯ ಬುದ್ಧಿ ಕೆಟ್ಟಿದೆ, ದುಃಖದಲ್ಲಿ ಏನೋ ಅಂತಾಳೆ ಎಂದು ಅವರನ್ನು ಕೂರಿಸಲು ಹೋದರು. ಆಗ ನಾನು ಹೋಗಿ ಚಿನ್ಮಯಿಯ ಪಕ್ಕ ನಿಂತೆ. ಅವಳ ಬುದ್ಧಿ ಸರಿಯಾಗಿದೆ ಮಾವ, ಅವಳ ಜೊತೆ ನಾನೂ ಬಡಿಸ್ತೀನಿ, ಮುಂದಿನ ವರ್ಷದಿಂದ ಹರಕೆ ಹೊತ್ತವರ ಮನೆಯ ಗಂಡಸರು ತುಳಸಿ ಬಿಡಿಸಲಿ, ಎಂದೆ. ತಡವಾಗಿ ಬಂದ ಮಾತು. ಆದರೂ ಬಂತು.

ಮರುದಿನ ಆಚಾರ್ಯರು ಬರಲಿಲ್ಲ, ನೆಂಟರಲ್ಲಿ ಅರ್ಧ ಜನ ಬರಲಿಲ್ಲ. ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡರು. ಚಿನ್ಮಯಿ ಬಾಲ್ಕನಿಯ ಕುಂಡದಿಂದ ತಾನೇ ನಾಲ್ಕು ದಳ ತುಳಸಿ ಕಿತ್ತು ಅಮ್ಮನ ಫೋಟೋದ ಮುಂದಿನ ಎಲೆಗೆ ಹಾಕಿ, ಸುಗುಣಾಗೆ ಇಷ್ಟವಾದ ಗೊಜ್ಜವಲಕ್ಕಿ ಬಡಿಸಿದಳು. ಸುಜಯೀಂದ್ರ ತುಂಬ ಹೊತ್ತು ಬಾಗಿಲಲ್ಲಿ ನಿಂತಿದ್ದ. ಆಮೇಲೆ ಬಂದು ಮಗಳ ಮುಂದೆ ಎಲೆ ಹಾಕಿಕೊಂಡು ಕೂತ. ಬಡಿಸು ಎಂದ. ಅವನು ತಿನ್ನುವಾಗ ಅತ್ತದ್ದಕ್ಕೆ ನನಗೆ ಕನಿಕರ ಬರಲಿಲ್ಲ, ಬರಬೇಕೆಂದೂ ಅನ್ನಿಸಲಿಲ್ಲ.

ಒಂದು ತಿಂಗಳಾದ ಮೇಲೆ ಚಿನ್ಮಯಿ ನನ್ನನ್ನೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ದೊಡ್ಡಮ್ಮ, ನೀವೂ ಹನ್ನೊಂದು ವರ್ಷ ತಗೊಂಡಿದೀರಿ, ತೋರಿಸಲೇಬೇಕು ಎಂದು ಹಟ. ಪೊನ್ನೇರಿಯ ಅದೇ ಕ್ಲಿನಿಕ್ಕು ಬೇಕೆಂದು ನಾನೇ ಹೇಳಿದೆ. ಅದೇ ಬೆಂಚು, ಅದೇ ಡಾಕ್ಟರಮ್ಮ. ಬಿ.ಪಿ. ನೋಡಿ, ಬರೆಯುತ್ತ, ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ ಎಂದು ಅದೇ ಪ್ರಶ್ನೆ ಕೇಳಿದಳು.

ಹೌದು ಎಂದೆ. ಹೆಸರು ಹೇಳಿದೆ, ಪ್ರತಿ ಧನುರ್ಮಾಸ, ದಿನಕ್ಕೆ ಮೂರು ಎಂದೆ. ಡಿಸೆಂಬರಿನಲ್ಲಿ ಕಾಲು ಊದಿಸಿಕೊಂಡು ಬಂದಿದ್ದ ನನ್ನ ಓರಗಿತ್ತಿಯೂ ಅದನ್ನೇ ತಗೊಳ್ಳುತ್ತಿದ್ದಳು, ನಿಮಗೆ ಇಲ್ಲ ಎಂದೆವು, ಅವಳು ಸತ್ತಳು ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಇದನ್ನು ನಿಮಗೆ ಯಾರು ಬರೆದುಕೊಟ್ಟರು ಎಂದು ಕೇಳಿದಳು.

ಯಾರೂ ಬರೆದುಕೊಡಲಿಲ್ಲ ಅಮ್ಮಾ, ಎಂದೆ. ಅಂಗಡಿಗೆ ಹೋಗಿ ತಂದುಕೊಡುತ್ತಿದ್ದವಳು ನಾನೇ.